ಮನೆಯ ಶುಂಠಿ ಬಿಯರ್ ಕೈಕೊಟ್ಟಾಗ ಮೊದಲು ಎಲ್ಲಿ ನೋಡಬೇಕು: ದೋಷ ನಿವಾರಣೆ ಕೈಪಿಡಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಶುಂಠಿಗೆ ಬರವಿಲ್ಲ. ಆಲೂರು, ಅರಕಲಗೂಡು, ಸಕಲೇಶಪುರ, ಬೇಲೂರಿನ ಕಡೆ ರಿಗೋಡಿ ಮತ್ತು ಹಿಮಾಚಲ ತಳಿಗಳು ಎಕರೆಗಟ್ಟಲೆ ಬೆಳೆಯುತ್ತವೆ. ಬೆಲೆ ಬಿದ್ದ ವರ್ಷಗಳಲ್ಲಂತೂ ಶುಂಠಿ ಕಣದಲ್ಲಿ ವಿಂಗಡಿಸಿದ ಮೇಲೆ ಉಳಿದ ತುಂಡುಗಳನ್ನು ಏನು ಮಾಡುವುದೆಂಬ ಯೋಚನೆ ಬೆಳೆಗಾರರ ಮನೆಗಳಲ್ಲಿ ಇದ್ದೇ ಇರುತ್ತದೆ. ಶುಂಠಿ, ಸಕ್ಕರೆ, ನಿಂಬೆರಸಗಳನ್ನು ಹುದುಗಿಸಿ ಮಾಡುವ ಬುರುಗು ಪಾನೀಯವಾದ ಶುಂಠಿ ಬಿಯರನ್ನು ಈಗ ಅನೇಕರು ಮನೆಯಲ್ಲಿಯೇ ಪ್ರಯತ್ನಿಸುತ್ತಿದ್ದಾರೆ. ಅದು ಕೆಟ್ಟಾಗ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಹುದುಗಿಸಲು ಬೆರೆಸುವ ಹೆಪ್ಪನ್ನು ಚೆಲ್ಲುವುದು. ಆದರೆ ಹೆಪ್ಪು ತಪ್ಪಿತಸ್ಥನಾಗಿರುವುದು ಅಪರೂಪ. ಉಷ್ಣತೆ, ಉಳಿದಿರುವ ಸಕ್ಕರೆ, ಪಾತ್ರೆಯ ಮುಚ್ಚಳ, ಇವು ಮೂರನ್ನು ಇದೇ ಕ್ರಮದಲ್ಲಿ ನೋಡಿದ ಮೇಲೆಯೇ ಹೆಪ್ಪಿನ ಮೇಲೆ ಅನುಮಾನ ಪಡುವುದು ಸರಿಯಾದ ದಾರಿ.

ದೋಷಗಳ ವಿಚಾರಕ್ಕೆ ಹೋಗುವ ಮೊದಲು ಒಂದು ತಪ್ಪು ಕಲ್ಪನೆಯನ್ನು ಬಗೆಹರಿಸಿಕೊಳ್ಳಬೇಕು. ಮನೆಯಲ್ಲಿ ಹುದುಗಿಸಿದ ಶುಂಠಿ ಬಿಯರಿನಲ್ಲಿ ಮದ್ಯಸಾರವೇ ಇರುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಹೆಪ್ಪಿನಲ್ಲಿರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದಾಗ ಅನಿಲ ಮತ್ತು ಮದ್ಯಸಾರ ಎರಡೂ ಹೆಚ್ಚುಕಡಿಮೆ ಸಮತೂಕದಲ್ಲಿ ಹುಟ್ಟುತ್ತವೆ. ಒಂದು ಬೇಕು, ಇನ್ನೊಂದು ಬೇಡ ಎನ್ನುವ ಆಯ್ಕೆ ನಮಗಿಲ್ಲ. ಒಂದು ಲೀಟರಿನಲ್ಲಿ 8 ಗ್ರಾಂ ಸಕ್ಕರೆ ಖರ್ಚಾದರೆ ಸುಮಾರು 2 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಅನಿಲವೂ ಗಾತ್ರದ ಲೆಕ್ಕದಲ್ಲಿ ಸುಮಾರು ಶೇ. 0.5ರಷ್ಟು ಮದ್ಯಸಾರವೂ ಬರುತ್ತವೆ. ಲೀಟರಿಗೆ 80 ಗ್ರಾಂ ಸಕ್ಕರೆ ಹಾಕಿ ಅದಷ್ಟೂ ಖರ್ಚಾಗುವವರೆಗೆ ಬಿಟ್ಟರೆ ಮದ್ಯಸಾರ ಶೇ. 5ನ್ನು ದಾಟುತ್ತದೆ, ಅಂದರೆ ಅದು ಅಂಗಡಿಯ ಬಿಯರಿಗೆ ಸಮನಾಗುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮಗಳು ಶೇ. 0.5ಕ್ಕಿಂತ ಹೆಚ್ಚು ಮದ್ಯಸಾರವಿರುವುದನ್ನು ಮದ್ಯಪಾನೀಯದ ಲೆಕ್ಕಕ್ಕೆ ಸೇರಿಸುತ್ತವೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಬಾರ್ಲಿ ಮಾಲ್ಟಿನ ಬಿಯರ್ ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ. ಶುಂಠಿ ಬಿಯರಿನಲ್ಲಿಯೂ ಹುದುಗುವಿಕೆಯನ್ನು ಬೇಗ ತಡೆದು ತಂಪಿಗೆ ಇಡುವ ಪದ್ಧತಿಯನ್ನೇ ಇಲ್ಲಿ ಅನುಸರಿಸಲಾಗಿದೆ.

ಹೋಲಿಸಿ ನೋಡಲು ಒಂದು ಅಳತೆ ಬೇಕಾಗುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ಹೆಪ್ಪಿಗೆ ಕಾಲು ಲೀಟರ್ ನೀರು ಸಾಕು. ಅದಕ್ಕೆ ಸಿಪ್ಪೆ ಸಮೇತ ತುರಿದ ಶುಂಠಿ ಒಂದು ದೊಡ್ಡ ಚಮಚ, ಸಕ್ಕರೆ ಒಂದು ದೊಡ್ಡ ಚಮಚ ಹಾಕಿ, ನಾಲ್ಕರಿಂದ ಏಳು ದಿನ ಪ್ರತಿದಿನ ಇವೆರಡನ್ನೂ ಅಷ್ಟಷ್ಟೇ ಸೇರಿಸಿ ಕಲಕುತ್ತಿರಬೇಕು. ಪಾನೀಯಕ್ಕೆ ಪ್ರತಿ ಲೀಟರಿಗೆ 80 ಗ್ರಾಂ ಸಕ್ಕರೆ, 50 ಗ್ರಾಂ ಶುಂಠಿ ಮತ್ತು ಒಂದು ನಿಂಬೆಹಣ್ಣಿನ ರಸ ಬೇಕು. ಶುಂಠಿಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಪೂರ್ತಿ ತಣಿಸಿದ ಮೇಲೆ ಲೀಟರಿಗೆ ಸುಮಾರು 60 ಮಿಲಿಲೀಟರ್ ಹೆಪ್ಪಿನ ನೀರನ್ನು ಬೆರೆಸಬೇಕು. ಬಿಸಿ ಇರುವಾಗಲೇ ಬೆರೆಸಿದರೆ ಯೀಸ್ಟ್ ಸಾಯುತ್ತದೆ. ಪಾತ್ರೆಯ ಹೊರಮೈ ಮುಟ್ಟಿದಾಗ ಸ್ವಲ್ಪವೂ ಬೆಚ್ಚಗೆನಿಸದಿರುವುದು ಕ್ಷೇಮ.

ಗುಳ್ಳೆ ಕಾಣುತ್ತಿಲ್ಲ

ಅತಿ ಹೆಚ್ಚು ಕೇಳಿಬರುವ ದೂರು ಇದು, ಅತಿ ಹೆಚ್ಚು ತಪ್ಪು ತೀರ್ಮಾನಕ್ಕೆ ಕಾರಣವಾಗುವುದೂ ಇದೇ. ಗುಳ್ಳೆ ಬಂದರೆ ಹುದುಗುತ್ತಿದೆ, ಬಾರದಿದ್ದರೆ ಹುದುಗುತ್ತಿಲ್ಲ, ನಿಂತರೆ ಮುಗಿಯಿತು ಎಂಬ ಮೂರು ನಂಬಿಕೆಗಳೂ ಮನೆಯಲ್ಲಿ ಬಿಯರ್ ಮಾಡುವವರ ಲೋಕದಲ್ಲಿ ಎಲ್ಲೆಡೆ ಹಬ್ಬಿವೆ; ಮೂರನ್ನೂ ನಂಬುವಂತಿಲ್ಲ. ಮುಚ್ಚಳ ಸರಿಯಾಗಿ ಕೂರದಿದ್ದರೆ ಅನಿಲ ಅಂಚಿನಿಂದಲೇ ಹೊರಹೋಗುವುದರಿಂದ, ಮುಚ್ಚಳಕ್ಕೆ ನಳಿಕೆ ಜೋಡಿಸಿ ಅದರ ತುದಿಯನ್ನು ನೀರಿನಲ್ಲಿ ಮುಳುಗಿಸಿಟ್ಟವರಿಗೆ ಒಳಗೆ ಜೋರಾಗಿ ಹುದುಗುತ್ತಿದ್ದರೂ ಒಂದು ಗುಳ್ಳೆಯೂ ಕಾಣದಿರಬಹುದು. ಇದಕ್ಕೆ ಪ್ರತಿಯಾಗಿ, ತಂಪಾದ ಮೂಲೆಯಲ್ಲಿದ್ದ ಪಾತ್ರೆಯನ್ನು ಬಿಸಿಲಿಗೆ ತಂದಿಟ್ಟರೆ ಮೊದಲೇ ಕರಗಿದ್ದ ಅನಿಲ ಬಿಟ್ಟುಕೊಂಡು ಗುಳ್ಳೆಗಳು ಏಳುತ್ತವೆ. ಆಗ ಯೀಸ್ಟ್ ಏನೂ ಮಾಡುತ್ತಿರಬೇಕೆಂದಿಲ್ಲ.

ಹಾಗಾದರೆ ನಂಬಬೇಕಾದುದು ಯಾವುದನ್ನು? ಸಕ್ಕರೆ ಎಷ್ಟು ಇಳಿದಿದೆ ಎಂಬ ಅಳತೆಯನ್ನು. ಇದಕ್ಕಾಗಿ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎಂಬ ತೇಲುಗಾಜು ಸಿಗುತ್ತದೆ. ಅದು ಇಲ್ಲದವರಿಗೆ, ಹಾಸನದಂಥ ಹೈನುಗಾರಿಕೆಯ ಜಿಲ್ಲೆಯಲ್ಲಿ, ಹಾಲಿನ ಡೇರಿಯ ಲ್ಯಾಕ್ಟೋಮೀಟರೇ ಸಾಕು. ಲ್ಯಾಕ್ಟೋಮೀಟರಿನಲ್ಲಿ 28 ಎಂದರೆ ಸಾಂದ್ರತೆ 1.028 ಎಂದರ್ಥ, ಅದು ಹಾಲೋ ಸಕ್ಕರೆ ನೀರೋ ಎಂಬುದು ಗಾಜಿಗೆ ತಿಳಿಯುವುದಿಲ್ಲ. ಲೀಟರಿಗೆ 80 ಗ್ರಾಂ ಸಕ್ಕರೆ ಇರುವ ಪಾನೀಯ ಹುದುಗುವ ಮೊದಲು ಸುಮಾರು 31ನ್ನು ತೋರಿಸುತ್ತದೆ. ಅದು 27ಕ್ಕೆ ಇಳಿದಾಗ ಮದ್ಯಸಾರ ಸುಮಾರು ಶೇ. 0.5 ಆಗಿರುತ್ತದೆ. ಅಳೆಯುವ ಮೊದಲು ಮಾದರಿಯನ್ನು ಎರಡು ಲೋಟಗಳ ನಡುವೆ ಹಲವು ಬಾರಿ ಎತ್ತಿ ಹೊಯ್ದು ಅನಿಲ ಬಿಡಿಸಬೇಕು, ಇಲ್ಲದಿದ್ದರೆ ಗುಳ್ಳೆಗಳು ಗಾಜನ್ನು ಮೇಲಕ್ಕೆ ಎತ್ತಿ ಹಿಡಿದು ಸುಳ್ಳು ಅಂಕೆ ತೋರಿಸುತ್ತವೆ. ಮೊದಲ ಮತ್ತು ನಂತರದ ಅಳತೆಗಳನ್ನು ಒಂದೇ ಉಷ್ಣತೆಯಲ್ಲಿ ತೆಗೆಯಬೇಕು. ಕಾಫಿ ತೋಟದವರ ಬಳಿ ಹಣ್ಣಿನ ಸಿಹಿ ನೋಡುವ ಬ್ರಿಕ್ಸ್ ಮೀಟರ್ ಇದ್ದರೆ ಅದನ್ನು ಆರಂಭದ ಅಳತೆಗೆ ಬಳಸಬಹುದು. ಹುದುಗಿದ ಮೇಲೆ ಮದ್ಯಸಾರದ ಕಾರಣ ಅದು ಇರುವುದಕ್ಕಿಂತ ಹೆಚ್ಚು ಸಕ್ಕರೆಯನ್ನು ತೋರಿಸುತ್ತದೆ.

ಅಳತೆ ಇಳಿದಿದ್ದರೆ ದೋಷವಿಲ್ಲ, ಕಣ್ಣಿಗೆ ಗುಳ್ಳೆ ಕಂಡಿಲ್ಲ ಅಷ್ಟೆ. ಅಳತೆ ಇಳಿಯದಿದ್ದರೆ ಮೊದಲು ಉಷ್ಣಮಾಪಕವನ್ನು ಪಾತ್ರೆಯ ಪಕ್ಕದಲ್ಲಿಡಿ. ಹಾಸನ, ಚಿಕ್ಕಮಗಳೂರು ಎರಡೂ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದ ಹಗಲಿನಲ್ಲಿಯೂ ಅಡುಗೆಮನೆ ತಂಪಾಗಿಯೇ ಇರುತ್ತದೆ. ಹೆಪ್ಪಿಗೆ ಹಿತವಾದದ್ದು 24ರಿಂದ 30 ಡಿಗ್ರಿ. ಅದಕ್ಕಿಂತ ಹತ್ತು ಡಿಗ್ರಿ ಕಡಿಮೆಯಾದರೆ ಕೆಲಸದ ವೇಗ ಸರಿಸುಮಾರು ಅರ್ಧಕ್ಕೆ ಅಥವಾ ಇನ್ನೂ ಕೆಳಕ್ಕೆ ಬೀಳುತ್ತದೆ. ಬೇಸಿಗೆಯಲ್ಲಿ ಮಂಗಳೂರಿನವರು ಎರಡು ದಿನ ಎಂದು ಹೇಳಿದ್ದನ್ನು ಚಳಿಗಾಲದ ಚಿಕ್ಕಮಗಳೂರಿನಲ್ಲಿ ಪಾಲಿಸಿದರೆ ಫಲ ಸಿಗುವುದಿಲ್ಲ. ಬಚ್ಚಲ ಒಲೆಯಿರುವ ಮನೆಗಳಲ್ಲಿ ಹಂಡೆಯಿಂದ ಎರಡು ಮಾರು ದೂರದ ಗೂಡು ಒಳ್ಳೆಯ ಜಾಗ. ಒಲೆಯ ಕಟ್ಟೆಯ ಮೇಲೆಯೇ ಇಟ್ಟರೆ ಸುಡುತ್ತದೆ.

ಬೆಚ್ಚಗಿದ್ದರೂ ಹೆಪ್ಪು ಏಳದಿದ್ದರೆ

ಈಗ ಪದಾರ್ಥಗಳ ಸರದಿ. ನಮ್ಮ ಭಾಗಕ್ಕೆ ವಿಶೇಷವಾದ, ಅಪಾಯಕಾರಿಯೂ ಆದ ಕಾರಣವೊಂದನ್ನು ಮೊದಲು ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿತ್ತನೆಯಾದ ಮೇಲೆ ಉಳಿದ ಬಿತ್ತನೆ ಶುಂಠಿಯನ್ನು ಕೆಲವರು ಹೆಪ್ಪಿಗೆ ಬಳಸುತ್ತಾರೆ. ಕೊಳೆ ರೋಗ ಬಾರದಂತೆ ಬಿತ್ತನೆ ಗೆಡ್ಡೆಗಳನ್ನು ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿರುತ್ತಾರೆ. ಯೀಸ್ಟ್ ಕೂಡ ಶಿಲೀಂಧ್ರವೇ ಆದ್ದರಿಂದ ಆ ಹೆಪ್ಪು ಏಳುವುದಿಲ್ಲ, ಮತ್ತು ಉಪಚರಿಸಿದ ಬಿತ್ತನೆ ಶುಂಠಿ ಮನುಷ್ಯರು ತಿನ್ನುವ ವಸ್ತುವಲ್ಲ. ಇಲ್ಲಿ ಹೆಪ್ಪು ಏಳದಿರುವುದೇ ಒಳ್ಳೆಯದಾಯಿತು ಎಂದುಕೊಂಡು ಪೂರ್ತಿ ಚೆಲ್ಲಬೇಕು. ತೊಳೆಯಲು ಮತ್ತು ಬೆಳ್ಳಗಾಗಿಸಲು ರಾಸಾಯನಿಕ ಬಳಸಿದ ಸಂತೆಯ ಶುಂಠಿಯಲ್ಲಿಯೂ ಸಿಪ್ಪೆಯ ಮೇಲಿನ ಸಹಜ ಯೀಸ್ಟ್ ಕಡಿಮೆಯಿರುತ್ತದೆ. ಹೊಲದಿಂದ ಕಿತ್ತು ತಂದು ಮಣ್ಣು ಹೋಗುವಷ್ಟೇ ತೊಳೆದ ಶುಂಠಿ ಎಲ್ಲಕ್ಕಿಂತ ಉತ್ತಮ. ಶುಚಿತ್ವದ ಹೆಸರಿನಲ್ಲಿ ಸಿಪ್ಪೆ ಹೆರೆದು ಹೆಪ್ಪು ಹಾಕುವವರು ಬೇಕಾದುದನ್ನೇ ಎಸೆದಂತಾಗುತ್ತದೆ.

ಎರಡನೆಯದು ಬೆಲ್ಲ. ಬೆಲ್ಲದಲ್ಲಿ ಖನಿಜಗಳಿರುವುದರಿಂದ ಯೀಸ್ಟಿಗೆ ಅದು ಬಿಳಿ ಸಕ್ಕರೆಗಿಂತ ಒಳ್ಳೆಯ ಆಹಾರವೆಂಬುದು ನಿಜ. ಆದರೆ ನೋಡಲು ಹೊಳಪಾದ ತಿಳಿಹಳದಿ ಬೆಲ್ಲಕ್ಕೆ ಆ ಬಣ್ಣ ಬಂದಿರುವುದು ಅನೇಕ ವೇಳೆ ಆಲೆಮನೆಯಲ್ಲಿ ಹಾಕುವ ಹೈಡ್ರೋಸ್ ಎಂಬ ಗಂಧಕದ ಸಂಯುಕ್ತದಿಂದ. ಅದರ ಶೇಷವು ಹುದುಗುವಿಕೆಯನ್ನು ತಡೆಯಬಲ್ಲದು. ಅನುಮಾನವಿದ್ದರೆ ಹೆಪ್ಪಿನ ಹಂತದಲ್ಲಿ ಬಿಳಿ ಸಕ್ಕರೆಯನ್ನೇ ಬಳಸಿ, ಪಾನೀಯಕ್ಕೆ ಮಾತ್ರ ಕಪ್ಪು ಬೆಲ್ಲವನ್ನು ಹಾಕಬಹುದು.

ಮೂರನೆಯದು ನೀರು. ಹಾಸನಕ್ಕೆ ಹೇಮಾವತಿಯಿಂದ, ಚಿಕ್ಕಮಗಳೂರಿಗೆ ಯಗಚಿ ಮತ್ತು ಹಿರೇಕೊಳಲೆ ಕೆರೆಯಿಂದ ಬರುವ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಕುದಿಸಿ ತಣಿಸಿದರೆ ಅದು ಹೋಗುತ್ತದೆ. ಇಷ್ಟಕ್ಕೇ ಅಂಗಡಿಯಿಂದ ನೀರಿನ ಬಾಟಲಿ ತರಬೇಕಾಗಿಲ್ಲ.

ಬೇಗ ಏಳಲೆಂದು ಒಂದು ಚಮಚ ಇಡ್ಲಿ ಹಿಟ್ಟನ್ನೋ ಮಜ್ಜಿಗೆಯನ್ನೋ ಬೆರೆಸುವ ಉಪಾಯವೂ ಬಳಕೆಯಲ್ಲಿದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಯೀಸ್ಟ್ ಎಂಬ ತಿಳಿವಳಿಕೆ ಇದರ ಹಿಂದಿದೆ. ವಾಸ್ತವದಲ್ಲಿ ಆ ಹಿಟ್ಟಿನ ಹುಳಿ ಮತ್ತು ಉಬ್ಬು ಎರಡಕ್ಕೂ ಮುಖ್ಯ ಕಾರಣ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದೇ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ನೀರು ಸಿಕ್ಕಿದರೆ ಡೆಕ್ಸ್‌ಟ್ರಾನ್ ಎಂಬ ಅಂಟನ್ನು ತಯಾರಿಸಿ ಇಡೀ ಪಾತ್ರೆಯನ್ನು ಲೋಳೆ ಮಾಡುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲು ನಿಂತಾಗ ಕಾಡುವ ಲೋಳೆಯೂ ಇದರದೇ. ಹಾಗಾಗಿ ಈ ಉಪಾಯವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ತುರ್ತಿದ್ದರೆ ಬೇಕರಿಯ ಒಣ ಯೀಸ್ಟನ್ನು ಚಿಟಿಕೆಯಷ್ಟು ಹಾಕುವುದು ಎಷ್ಟೋ ಮೇಲು. ಬೇಕರಿ ಯೀಸ್ಟ್ ವಿಷವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಸ್ವಲ್ಪ ಬ್ರೆಡ್ಡಿನ ಪರಿಮಳ ಬರುತ್ತದೆ, ಅಷ್ಟೆ.

ಹೆಪ್ಪಿನಲ್ಲಿ ಯೀಸ್ಟಿನ ಜೊತೆ ಬ್ಯಾಕ್ಟೀರಿಯಾಗಳೂ ಇದ್ದೇ ಇರುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. ಇಂಗ್ಲೆಂಡಿನ ಮನೆಗಳಲ್ಲಿ ಶುಂಠಿ ಬಿಯರಿಗೆ ಬಳಸುತ್ತಿದ್ದ ಹರಳಿನಂಥ ಹೆಪ್ಪನ್ನು ಪರೀಕ್ಷಿಸಿ, ಅದು ಒಂದು ಯೀಸ್ಟ್ ಮತ್ತು ಒಂದು ಬ್ಯಾಕ್ಟೀರಿಯಾದ ಕೂಡುಬಾಳು ಎಂದು 1892ರಲ್ಲಿ ತೋರಿಸಿಕೊಟ್ಟವರು ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್. ಅದಕ್ಕೂ ಮೊದಲು, 1880ರ ದಶಕದ ಆರಂಭದಲ್ಲಿ, ಸಿಂಹಳದ ಕಾಫಿ ತೋಟಗಳನ್ನು ನಾಶಮಾಡುತ್ತಿದ್ದ ಎಲೆ ತುಕ್ಕು ರೋಗದ ಅಧ್ಯಯನ ನಡೆಸಿದವರೂ ಇವರೇ. ಕಾಫಿಯೂ ಶುಂಠಿಯೂ ಒಟ್ಟಿಗೇ ಬೆಳೆಯುವ ನಮ್ಮ ಸೀಮೆಯಲ್ಲಿ ಈ ಹೆಸರು ಇನ್ನಷ್ಟು ಪರಿಚಿತವಾಗಿರಬೇಕಿತ್ತು. ನಮ್ಮ ಮನೆಯ ಹೆಪ್ಪು ಆ ಹರಳಲ್ಲ, ಆದರೂ ಮೊದಲ ಎರಡು ದಿನ ಗುಳ್ಳೆ ಬಂದು ಮೂರನೆಯ ದಿನ ಸ್ತಬ್ಧವಾಗಿ ಮತ್ತೆ ಏಳುವುದಕ್ಕೆ ಈ ಮಿಶ್ರ ಸಂಸಾರವೇ ಕಾರಣವಿರಬಹುದು. ಮೂರನೆಯ ದಿನದ ಮೌನಕ್ಕೆ ಹೆದರಿ ಚೆಲ್ಲುವುದು ಬೇಡ.

ಬಾಟಲಿಯಲ್ಲಿ ಬುರುಗಿಲ್ಲ, ಅಥವಾ ಬಾಟಲಿಯೇ ಉಳಿಯಲಿಲ್ಲ

ಇವೆರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ಮೊದಲನೆಯದನ್ನು ಅವಸರದಲ್ಲಿ ಸರಿಪಡಿಸಲು ಹೋದವರೇ ಎರಡನೆಯದಕ್ಕೆ ಗುರಿಯಾಗುತ್ತಾರೆ.

ಪಾತ್ರೆಯಲ್ಲಿ ಚೆನ್ನಾಗಿ ಹುದುಗಿದ ಮೇಲೆ ಬಾಟಲಿಗೆ ತುಂಬಿದರೆ ಬುರುಗು ಹೆಚ್ಚು ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ತೆರೆದ ಪಾತ್ರೆಯಲ್ಲಿ ಹುಟ್ಟಿದ ಅನಿಲ ಗಾಳಿಗೆ ಹೋಗುತ್ತದೆ, ಮದ್ಯಸಾರ ಮಾತ್ರ ಉಳಿಯುತ್ತದೆ. ಬುರುಗಿಗೆ ಲೆಕ್ಕವಾಗುವುದು ಮುಚ್ಚಳ ಬಿಗಿದ ಮೇಲೆ ಖರ್ಚಾದ ಸಕ್ಕರೆ ಮಾತ್ರ. ಆದ್ದರಿಂದ ಹೆಪ್ಪು ಬೆರೆಸಿದ ದಿನವೇ, ಅಥವಾ ಅಳತೆ ಒಂದು ಅಂಕೆ ಇಳಿದ ಕೂಡಲೇ ಬಾಟಲಿಗೆ ತುಂಬುವುದು ಸರಿ. ಅಂಗಡಿಯ ತಂಪು ಪಾನೀಯಗಳಲ್ಲಿ ದ್ರವದ ಮೂರೂವರೆ, ನಾಲ್ಕು ಪಟ್ಟು ಗಾತ್ರದ ಅನಿಲ ಕರಗಿರುತ್ತದೆ. ಅಷ್ಟೇ ಬುರುಗು ಹೆಪ್ಪಿನಿಂದಲೇ ಬರಬೇಕೆಂದರೆ ಮದ್ಯಸಾರ ಶೇ. 1ರ ಹತ್ತಿರಕ್ಕೆ ಹೋಗುವುದು ಅನಿವಾರ್ಯ. ಶೇ. 0.5ರೊಳಗೆ ನಿಲ್ಲಿಸುವವರು ಎರಡು ಪಟ್ಟಿಗಿಂತ ಹೆಚ್ಚಿನ ಅನಿಲವನ್ನು ನಿರೀಕ್ಷಿಸುವಂತಿಲ್ಲ. ಕುಡಿಯುವಾಗ ಸ್ವಲ್ಪ ಸೋಡಾ ಬೆರೆಸಿಕೊಳ್ಳುವುದು ಅವರಿಗೆ ಸರಳ ಪರಿಹಾರ. ಮಕ್ಕಳಿಗಾದರೆ ಹುದುಗಿಸದ ಶುಂಠಿ ಪಾನಕಕ್ಕೇ ಸೋಡಾ ಬೆರೆಸಿ ಕೊಡುವುದು ಮೇಲು.

ಇನ್ನು ಉಳಿದ ಕಾರಣಗಳು ಸಣ್ಣವು. ಮುಚ್ಚಳ ಸೋರುತ್ತಿದೆಯೇ ಎಂದು ತಿಳಿಯಲು ತುಂಬಿದ ಬಾಟಲಿಯನ್ನು ತಲೆಕೆಳಗು ಮಾಡಿ ನೀರಿನಲ್ಲಿ ಹಿಡಿದರೆ ಸಾಕು. ಕುತ್ತಿಗೆಯಲ್ಲಿ ಮೂರು, ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಖಾಲಿ ಜಾಗ ಬಿಟ್ಟರೆ ಅನಿಲ ಅಲ್ಲಿಯೇ ನಿಲ್ಲುತ್ತದೆ. ಚಳಿಯಿಂದಾಗಿ ಬುರುಗು ಬಂದಿಲ್ಲವೆಂದಾದರೆ ಕಾಯಬೇಕೇ ಹೊರತು ಸಕ್ಕರೆ ಸೇರಿಸಬಾರದು. ಸಕ್ಕರೆ ಆಗಲೇ ಅಲ್ಲಿದೆ, ಇಲ್ಲದಿರುವುದು ಬಿಸಿ.

ಹೀಗೆ ಸೇರಿಸಿದ ಸಕ್ಕರೆಯೇ ಬಾಟಲಿಯನ್ನು ಒಡೆಯುತ್ತದೆ. ಲೀಟರಿನಲ್ಲಿರುವ 80 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 20 ಲೀಟರಿಗೂ ಮೀರಿದ ಅನಿಲ ಹುಟ್ಟುತ್ತದೆ, ಮತ್ತು ಅದನ್ನು ತಡೆಯುವ ಬಾಟಲಿ ಯಾರ ಮನೆಯಲ್ಲಿಯೂ ಇರುವುದಿಲ್ಲ. ಜಾಮ್, ಜೇನುತುಪ್ಪ, ಮದ್ಯ ತುಂಬಿದ್ದ ಗಾಜಿನ ಬಾಟಲಿಗಳನ್ನು ಒತ್ತಡ ತಡೆಯುವಂತೆ ತಯಾರಿಸಿರುವುದಿಲ್ಲವಾದ್ದರಿಂದ ಅವು ಸಲ್ಲವೇ ಸಲ್ಲ. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯೇ ಹೊಸಬರಿಗೆ ಸುರಕ್ಷಿತ. ಹೆಬ್ಬೆರಳಿನಿಂದ ಒತ್ತಿದಾಗ ಅದು ತಗ್ಗದಷ್ಟು ಗಟ್ಟಿಯಾದ ದಿನವೇ ಎಲ್ಲ ಬಾಟಲಿಗಳೂ ಫ್ರಿಜ್ಜಿಗೆ ಹೋಗಬೇಕು. ಗಾಜಿನಲ್ಲಿ ತುಂಬುವವರೂ ಅದೇ ಪಾನೀಯವನ್ನು ಒಂದು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಪಕ್ಕದಲ್ಲಿಟ್ಟು ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಫ್ರಿಜ್ಜಿನಲ್ಲಿ ಯೀಸ್ಟ್ ಸಾಯುತ್ತದೆ ಎಂಬ ನಂಬಿಕೆಯೂ ಬಾಟಲಿಗಳನ್ನು ಬಲಿ ತೆಗೆದುಕೊಳ್ಳುತ್ತದೆ. ತಂಪಿನಲ್ಲಿ ಅದು ನಿದ್ರಿಸುತ್ತದೆ ಮಾತ್ರ. ತಂಪು ದ್ರವದಲ್ಲಿ ಅನಿಲ ಹೆಚ್ಚು ಕರಗಿರುವುದರಿಂದ ಒಳಗಿನ ಒತ್ತಡವೂ ತಗ್ಗಿರುತ್ತದೆ: ಮೂರು ಪಟ್ಟು ಅನಿಲವಿರುವ ಬಾಟಲಿಯನ್ನು 4 ಡಿಗ್ರಿಯಿಂದ 25 ಡಿಗ್ರಿಗೆ ತಂದರೆ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ನಮ್ಮ ಊರುಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ಹೊಸದಲ್ಲ. ಅಂಥ ಸಮಯದಲ್ಲಿ ಫ್ರಿಜ್ಜಿನ ಬಾಟಲಿಗಳು ಬಿಸಿಯಾಗುವ ಮುನ್ನವೇ ಮುಚ್ಚಳ ಸಡಿಲಿಸಿ ಅನಿಲ ಬಿಡಬೇಕು.

ತೆರೆದ ಕೂಡಲೇ ಅರ್ಧ ಬಾಟಲಿ ಚಿಮ್ಮಿ ಹೋಗುವುದು ಬೇರೆಯೇ ದೋಷ. ಒಳಗೆ ಉಳಿದ ಶುಂಠಿ ನಾರಿನ ಚೂರುಗಳ ಸುತ್ತ ಗುಳ್ಳೆಗಳು ಒಮ್ಮೆಲೇ ಹುಟ್ಟುವುದರಿಂದ ಹೀಗಾಗುತ್ತದೆ. ಜಾಲರಿಯ ಬದಲು ಒಗೆದ ಪಂಚೆಯ ಬಟ್ಟೆಯಲ್ಲಿ ಸೋಸಬೇಕು. ಒಂದೇ ಪಾತ್ರೆಯಿಂದ ತುಂಬಿದ ಬಾಟಲಿಗಳಲ್ಲಿ ಕೆಲವು ಸಪ್ಪೆ, ಕೆಲವು ಉಗ್ರವಾಗಿದ್ದರೆ ಬೆಲ್ಲದ ಪಾಕ ತಳದಲ್ಲಿ ನಿಂತಿತ್ತು ಎಂದು ತಿಳಿಯಬೇಕು.

ವಾಸನೆ, ಪೊರೆ, ಲೋಳೆ

ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ. ಸಾರಜನಕದ ಪೋಷಣೆ ಸಾಲದ ಯೀಸ್ಟ್ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತದೆ, ಮತ್ತು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅದು ಅನಿಲದ ಜೊತೆ ಹೊರಹೋಗುತ್ತದೆ. ವಿನೆಗರಿನ ಘಾಟು ಬಂದರೆ ಗಾಳಿ ಮತ್ತು ಹಣ್ಣಿನ ನೊಣ ಒಳಗೆ ಹೋಗಿವೆ ಎಂದರ್ಥ. ಅದನ್ನು ಹಿಂದಕ್ಕೆ ತರಲಾಗದು, ವಿನೆಗರಾಗಿಯೇ ಬೆಳೆಯಲು ಬಿಡಬಹುದು. ಉಗುರು ಬಣ್ಣದಂಥ ವಾಸನೆ ಈಥೈಲ್ ಅಸಿಟೇಟಿನದು.

ಈ ಕೊನೆಯ ವಾಸನೆ ಬಂದಾಗಲೇ ಕಣ್ಣು ಹೋಗುವ ಭಯ ಏಳುತ್ತದೆ. ಕಣ್ಣನ್ನೂ ಪ್ರಾಣವನ್ನೂ ತೆಗೆಯುವುದು ಮೆಥನಾಲ್. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡದ್ದು ಮೆಥನಾಲ್ ಬೆರೆಸಿದ ಕಳ್ಳಭಟ್ಟಿ. ಹುದುಗುವಿಕೆಯಲ್ಲಿ ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣುಗಳ ಪೆಕ್ಟಿನ್‌ನಿಂದ, ಅದೂ ಅತ್ಯಲ್ಪ. ಶುಂಠಿ, ಸಕ್ಕರೆ, ನೀರು ಎರಡು ದಿನ ಹುದುಗಿದರೆ ಆ ಅಪಾಯ ಬರುವುದಿಲ್ಲ. ಭಟ್ಟಿ ಇಳಿಸುವುದು ಮಾತ್ರ ಬೇರೆಯೇ ವಿಷಯ; ಅದು ಅಪರಾಧವೂ ಹೌದು, ಅಪಾಯವೂ ಹೌದು.

ಮೇಲೆ ಕಟ್ಟುವ ತೆಳು ಬಿಳಿ ಪೊರೆ ನುಣ್ಣಗೆ, ಸುಕ್ಕುಸುಕ್ಕಾಗಿದ್ದರೆ ಅದೂ ಒಂದು ಬಗೆಯ ಯೀಸ್ಟ್. ತೆಗೆದುಹಾಕಿ, ದಿನವೂ ಕಲಕಿದರೆ ನಿಲ್ಲುತ್ತದೆ. ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದಲ್ಲಿ ಹತ್ತಿಯಂತೆ ಎದ್ದಿದ್ದರೆ ಬೂಸ್ಟು. ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸುವಂತಿಲ್ಲ. ಚಮಚ ಎತ್ತಿದಾಗ ನೂಲು ಎಳೆದಂತೆ ಬರುವ ಲೋಳೆ ವಿಷವಲ್ಲ, ಆದರೆ ಕುಡಿಯಲು ಹಿತವಲ್ಲ. ಪಾತ್ರೆ, ಬಟ್ಟೆ, ಚಮಚಗಳನ್ನೆಲ್ಲ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಹೊಸ ಶುಂಠಿಯಿಂದ ಆರಂಭಿಸುವುದೇ ಲೇಸು. ಪ್ಲಾಸ್ಟಿಕ್ ಬಾಟಲಿಗೆ ಕುದಿನೀರು ಹುಯ್ದರೆ ಮುದುಡುತ್ತದೆ, ಅದನ್ನು ಎಸೆದು ಬೇರೆ ತರಬೇಕು. ಸ್ಟೀಲ್ ಪಾತ್ರೆ ಹೆಪ್ಪನ್ನು ಕೊಲ್ಲುತ್ತದೆ ಎಂಬುದು ಸುಳ್ಳು. ಕಲಾಯಿ ಹೋದ ಹಿತ್ತಾಳೆ, ತಾಮ್ರಗಳಲ್ಲಿ ಮಾತ್ರ ನಿಂಬೆಯ ಹುಳಿ ಇರುವ ಯಾವುದನ್ನೂ ಇಡಬಾರದು.

ಮಬ್ಬು ಮತ್ತು ಖಾರ

ಪಾನೀಯ ತಿಳಿಯಾಗಿಲ್ಲ ಎಂದು ಚೆಲ್ಲುವವರಿದ್ದಾರೆ. ಶುಂಠಿಯಲ್ಲಿ ಪಿಷ್ಟ ಧಾರಾಳವಾಗಿದೆ, ಕುದಿಸಿದಾಗ ಅದು ಗಂಜಿಯಂತೆ ಬಿಟ್ಟುಕೊಂಡು ಮಬ್ಬು ಉಳಿಯುತ್ತದೆ. ತಳದ ಬಿಳಿ ಗಷ್ಟು ಪಿಷ್ಟ ಮತ್ತು ಯೀಸ್ಟ್ ಮಾತ್ರ.

ಖಾರ ಸಾಲದಿದ್ದರೆ ಕಾರಣ ಶುಂಠಿಯ ವಯಸ್ಸು. ಆರು ತಿಂಗಳಿಗೆ ಕಿತ್ತ ಎಳೆ ಶುಂಠಿ ಮೃದುವಾಗಿರುತ್ತದೆ, ಡಿಸೆಂಬರ್ ನಂತರ ಕಿತ್ತ ಬಲಿತ ಶುಂಠಿ ಖಾರವಾಗಿರುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಖಾರ ನೀರಿಗೆ ಇಳಿಯುತ್ತದೆಯೆಂದು ಗಂಟೆಗಟ್ಟಲೆ ಕುದಿಸುವುದರಿಂದ ಪರಿಮಳದ ಎಣ್ಣೆ ಹಾರಿಹೋಗುತ್ತದೆ, ಹಸಿ ಶುಂಠಿಯ ಚುರುಕಿನ ಒಂದು ಭಾಗವೂ ಕಳೆಯುತ್ತದೆ. ಒಣಗಿದಾಗ ಇದಕ್ಕೆ ವಿರುದ್ಧವಾಗಿ ಹೆಚ್ಚು ತೀಕ್ಷ್ಣವಾದ ಶೋಗಾಲ್ ಎಂಬ ಅಂಶ ಉಂಟಾಗುತ್ತದೆ. ಆದ್ದರಿಂದ ಕಾಲು ಗಂಟೆಯ ಕುದಿತ ಸಾಕು. ಇನ್ನೂ ಖಾರ ಬೇಕೆನಿಸಿದರೆ ಆ ಕುದಿತದಲ್ಲಿಯೇ ಲೀಟರಿಗೆ ಅರ್ಧ ಚಮಚ ಒಣಶುಂಠಿ ಪುಡಿ ಹಾಕಿ, ಬಟ್ಟೆಯಲ್ಲಿ ಎರಡು ಬಾರಿ ಸೋಸಿಕೊಳ್ಳಬೇಕು.